ಕೋಡಿ ಬಿದ್ದ ವಾರ ಶುರುವಾದ ನಮ್ಮ ಕ್ಲಾಸಿನ ಬ್ಲಾಗು

2022ರ ಸೆಪ್ಟೆಂಬರ್ ಮೊದಲ ವಾರ ನಮ್ಮ ಶಾಲೇಲಿ ಹಾಜರಿ ಅರ್ಧಕ್ಕರ್ಧ. ಮಾರಿಕಣಿವೆ ಡ್ಯಾಂ (ವಾಣಿವಿಲಾಸ ಸಾಗರ) ತುಂಬಿ ಕೋಡಿ ಬಿದ್ದಿತ್ತು, ಹಿರಿಯೂರು ಸೀಮೆ ಜನ ಟ್ರ್ಯಾಕ್ಟರು, ಆಟೋ, ಬೈಕು ಸಿಕ್ಕಿದ್ದು ಹತ್ಕೊಂಡು ನೋಡೋಕೆ ಹೋಗ್ತಿದ್ರು, ಅವತ್ತು ಬಂದ ಮಕ್ಕಳನ್ನ ಕೂರಿಸಿ ವಿಭಕ್ತಿ ಪ್ರತ್ಯಯ ಹೇಳ್ಕೊಡೋಕೆ ನನಗೇ ಮನಸ್ಸು ಬರ್ಲಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಹಿಂದಿನ ಸಲ ಕೋಡಿ ಬಿದ್ದಿದ್ದು 1933ರಲ್ಲಿ, ಅಂದ್ರೆ 89 ವರ್ಷದ ಮಾತು, ನಮ್ಮೂರಲ್ಲಿ ಕಣ್ಣಾರೆ ಕಂಡೋರು ಯಾರೂ ಉಳಿದಿರ್ಲಿಲ್ಲ.

ಮಾರನೇ ದಿನ ಆರು ಮತ್ತು ಏಳನೇ ಕ್ಲಾಸಿಗೆ ನೋಡಿದ್ದನ್ನ ಬರೀರಿ ಅಂದೆ. ಬಂದಿದ್ದೆಲ್ಲಾ ಒಂದೇ ಥರ. "ನಾನು ನನ್ನ ತಂದೆ ತಾಯಿಯೊಂದಿಗೆ ಅಣೆಕಟ್ಟಿಗೆ ಭೇಟಿ ನೀಡಿದೆನು, ಅಲ್ಲಿನ ದೃಶ್ಯವು ಮನಮೋಹಕವಾಗಿತ್ತು." ಗೈಡ್ ಪುಸ್ತಕದ ಭಾಷೆ. ಅದೇ ಮಕ್ಕಳು ಗಂಟೆ ಹೊಡೆದ ಮೇಲೆ ಹೊರಗೆ ನಿಂತು ಎಷ್ಟು ಚೆಂದ ಹೇಳ್ತಿದ್ವು ಗೊತ್ತಾ, ಕಣಿವೆ ಮಾರಮ್ಮನ ಗುಡಿ ಹತ್ರ ಎಷ್ಟು ಜನ ಇದ್ರು, ನೀರಿನ ಸದ್ದಿಗೆ ತಮ್ಮ ಹೆಂಗೆ ಹೆದ್ರಿ ಅತ್ತ, ಅಪ್ಪ ಚಪ್ಪಲಿ ಬಿಟ್ಟು ಹೆಂಗೆ ಕೈ ಮುಗಿದ. ಅದ್ಯಾವ್ದೂ ನೋಟ್‌ಬುಕ್ಕಿಗೆ ಬಂದಿರ್ಲಿಲ್ಲ.

ನಾನು ನೋಟ್‌ಬುಕ್ ಎಲ್ಲಾ ವಾಪಸ್ ಕೊಟ್ಟು ಒಂದೇ ಮಾತು ಹೇಳ್ದೆ. ಇದನ್ನ ನಾನು ಮಾರ್ಕ್ಸ್ ಹಾಕೋಕೆ ಓದಲ್ಲ, ಬೆಂಗಳೂರಲ್ಲಿ ಡ್ರೈವರ್ ಕೆಲ್ಸ ಮಾಡೋ ನಿಮ್ಮ ಮಾವ, ಗಾರ್ಮೆಂಟ್ಸ್‌ಗೆ ಹೋಗೋ ನಿಮ್ಮಕ್ಕ ಓದ್ತಾರೆ, ಅವ್ರಿಗೆ ರಜೆ ಸಿಕ್ಕಿಲ್ಲ, ಕೋಡಿ ನೋಡಿಲ್ಲ, ಅವ್ರಿಗೆ ತೋರ್ಸಿ. ಎರಡನೇ ಸಲ ಬಂದ ಬರಹ ಬೇರೇನೇ ಇತ್ತು. ಒಬ್ಬಳು ತನ್ನಜ್ಜಿ ಹೇಳಿದ್ದನ್ನ ಬರ್ದಿದ್ಲು, ಅಜ್ಜಿಯ ಅಪ್ಪ "ಕೋಡಿ ಬಿದ್ದ ವರ್ಷ" ಅಂತಲೇ ತನ್ನ ವಯಸ್ಸಿನ ಲೆಕ್ಕ ಹಾಕ್ತಿದ್ದರಂತೆ. ಇನ್ನೊಬ್ಬ ಹುಡುಗ ನಾಲ್ಕೇ ಸಾಲು ಬರ್ದಿದ್ದ. ಹಿನ್ನೀರಿನ ಕಡೆ ಇರೋ ಅವನ ದೊಡ್ಡಪ್ಪನ ಅಡಿಕೆ ತೋಟಕ್ಕೆ ನೀರು ನುಗ್ಗಿತ್ತು, ಇಲ್ಲಿ ಎಲ್ರೂ ಕುಣೀತಿದ್ರು, ನಮ್ಮ ದೊಡ್ಡಮ್ಮ ಫೋನಲ್ಲಿ ಅಳ್ತಿದ್ಲು ಅಂತ. ಆ ನಾಲ್ಕು ಸಾಲು ನಾನು ಎಷ್ಟು ಸಲ ಓದಿದೆನೋ.

ಬ್ಲಾಗು ನನಗೆ ಹೊಸದಲ್ಲ. 2009ರಲ್ಲೇ ಗೂಗಲ್‌ನ ಬ್ಲಾಗರ್‌ನಲ್ಲಿ ನಂದೊಂದು ಪುಟ ಇತ್ತು, ಕನ್ನಡದಲ್ಲಿ ಬ್ಲಾಗ್ ಬರೆಯೋರು ಆಗ ತುಂಬಾ ಜನ, ಒಬ್ರದ್ದು ಒಬ್ರು ಓದಿ ಕಾಮೆಂಟ್ ಹಾಕೋದೇ ಒಂದು ಸಂಭ್ರಮ. ಕಷ್ಟಾನೂ ಇತ್ತು. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಕೊಂಡಿದ್ದನ್ನ ತಂದು ಹಾಕಿದ್ರೆ ಕನ್ನಡದ ಬದ್ಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣೋದು, ಯುನಿಕೋಡ್ ಅನ್ನೋ ಎಲ್ಲೆಡೆ ಬಳಸೋ ಅಕ್ಷರ ಸಂಕೇತಕ್ಕೆ ಕನ್ವರ್ಟ್ ಮಾಡ್ಬೇಕು ಅಂತ ತಿಳಿಯೋಕೇ ನನಗೆ ತಿಂಗಳು ಹಿಡೀತು. ಸೈಬರ್ ಕೆಫೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡಿರದಿದ್ರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಆಮೇಲೆ ಮದುವೆ, ಮಗು, ವರ್ಗಾವಣೆ, ಬರೆಯೋದು ನಿಂತೇ ಹೋಯ್ತು.

ಈ ಸಲ ಫೋನಲ್ಲೇ ಎಲ್ಲಾ ಆಯ್ತು. ಬ್ಲಾಗರ್‌ನಲ್ಲೇ ಕ್ಲಾಸಿಗೆ ಅಂತ ಬೇರೆ ಬ್ಲಾಗು ತೆರೆದೆ, ದುಡ್ಡು ಖರ್ಚಿಲ್ಲ, ನಂಗೆ ಅಭ್ಯಾಸಾನೂ ಇತ್ತು. ಹುಡುಕಿದ್ರೆ ಗೂಗಲಲ್ಲಿ ಸಿಗದ ಹಾಗೆ ಸೆಟ್ಟಿಂಗಲ್ಲಿ ಆಫ್ ಮಾಡ್ದೆ, ಲಿಂಕ್ ಇರೋ ಊರೋರು, ನೆಂಟ್ರು ಓದಿದ್ರೆ ಸಾಕು. ಕಾಮೆಂಟ್ ಯಾರೇ ಹಾಕಿದ್ರೂ ನಾನು ನೋಡಿ ಬಿಟ್ಟ ಮೇಲೇನೇ ಕಾಣ್ಬೇಕು, ಇದೊಂದು ಮಾತ್ರ ಯಾರೂ ಮರೀಬೇಡಿ. ಹೆಡ್‌ಮಾಸ್ಟರ್ ಹತ್ರ ಮೊದ್ಲೇ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಫೋನಲ್ಲೇ ತೋರ್ಸಿ, ಪ್ರತಿ ಮನೆಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ತಗೊಂಡೆ, ಸಹಿ ಬರದೋರ ಮನೆಗೆ ಹೋಗಿ ಓದಿ ಹೇಳಿ ಹೆಬ್ಬೆಟ್ಟು ತಗೊಂಡೆ. (2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು ಅಂತಾನೇ ಹೇಳುತ್ತೆ, ನಾವು ಅದಕ್ಕೂ ಮುಂಚೆ ಮಾಡಿದ್ದು ಒಳ್ಳೇದೇ ಆಯ್ತು.) ಮುಖ ಕಾಣೋ ಫೋಟೋ ಇಲ್ಲ, ಹೆಸರಿಲ್ಲ, ಊರ ಹೆಸರೂ ಇಲ್ಲ. ಮಕ್ಕಳೇ ಕಾವ್ಯನಾಮ ಇಟ್ಕೊಂಡ್ರು. ಹುಣಸೆಮರ, ಗುಬ್ಬಿ, ಗಾಳಿಪಟ, ಒಬ್ಬ "ಶೇಂಗಾ" ಅಂತ ಇಟ್ಕೊಂಡ, ಅವರ ಹೊಲದಲ್ಲಿ ಬೆಳೆಯೋದೇ ಅದು.

ಕ್ರಮ ಹೀಗಿದೆ. ಮೊದ್ಲು ಪೆನ್ನಲ್ಲೇ ನೋಟ್‌ಬುಕ್ಕಿಗೆ ಬರೀಬೇಕು, ನೇರ ಫೋನಿಗಿಲ್ಲ. ಪಕ್ಕದಲ್ಲಿ ಕೂತೋರು ಓದಿ ಒಂದು ಪ್ರಶ್ನೆ ಕೇಳ್ಬೇಕು, ತಪ್ಪು ಹುಡುಕಂಗಿಲ್ಲ. ಉತ್ತರ ಸೇರಿಸಿ ಮತ್ತೆ ಬರೆದ್ರೆ ಅದು ಬ್ಲಾಗಿಗೆ. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಇಬ್ಬರು ಇಬ್ಬರಾಗಿ ನನ್ನ ಫೋನಲ್ಲಿ ಟೈಪ್ ಮಾಡ್ತಾರೆ. ಕೀಬೋರ್ಡಲ್ಲಿ ಒತ್ತು ಕೊಡೋಕೆ ಮಧ್ಯೆ ಹಲಂತದ ಕೀ (‘್’ ಗುರುತು) ಒತ್ಬೇಕಲ್ಲ, ಕ ಆದ್ಮೇಲೆ ಅದನ್ನ ಒತ್ತಿ ಷ ಒತ್ತಿದ್ರೆ ಕ್ಷ ಆಗುತ್ತೆ ಅಂತ ಕಂಡ ದಿನ ಒಬ್ಬ ಹುಡುಗ ಕುಣಿದುಬಿಟ್ಟ. ನಾನು ವರ್ಷಾನುಗಟ್ಟಲೆ ಬೋರ್ಡ್ ಮೇಲೆ ಬರೆದು ಹೇಳಿದ ಸಂಯುಕ್ತಾಕ್ಷರ ಅವನಿಗೆ ಅವತ್ತು ಕೈಗೆ ಸಿಕ್ತು. ವಾಯ್ಸ್ ಟೈಪಿಂಗೂ ನೋಡಿದ್ವಿ, ಪುಸ್ತಕದ ಕನ್ನಡ ಚೆನ್ನಾಗೇ ಹಿಡಿಯುತ್ತೆ, ನಮ್ಮ ಮಕ್ಕಳ ಮಾತಿಗೆ ತಡವರಿಸುತ್ತೆ, ಅದಕ್ಕೆ ಕೈಬಿಟ್ವಿ.

ಕಾಗುಣಿತ ತಿದ್ದಬೇಕಾ ಬೇಡ್ವಾ ಅಂತ ನಾನು ತುಂಬಾ ಯೋಚಿಸಿದೀನಿ. ಅ-ಹ ಅದಲುಬದಲು, ಅಲ್ಪಪ್ರಾಣ ಮಹಾಪ್ರಾಣ ಇವನ್ನ ಮಗು ಜೊತೆ ಕೂತು ತಿದ್ದುತೀನಿ, ನಾಲ್ಕು ಜನ ಓದ್ತಾರೆ ಅಂದಾಗ ಅವ್ರೇ ಬಂದು ತಿದ್ದಿ ಮಿಸ್ ಅಂತಾರೆ. ಆದ್ರೆ "ವೋಗಿದ್ವಿ" ಅಂತ ಅಜ್ಜಿ ಹೇಳಿದ್ರೆ ಅಜ್ಜಿಯ ಮಾತಲ್ಲಿ ಹಾಗೇ ಇರುತ್ತೆ. ಇದಕ್ಕೆ ಸುತ್ತಲಿನ ಶಾಲೆಗಳ ಟೀಚರ್‌ಗಳ ಕ್ಲಸ್ಟರ್ ಮೀಟಿಂಗಲ್ಲಿ ಆಕ್ಷೇಪ ಬಂತು, ಕನ್ನಡ ಟೀಚರೇ ಗ್ರಾಮ್ಯ ಬರೆಸಿದ್ರೆ ಹೆಂಗೆ ಅಂತ. ಅಜ್ಜಿ ಮಾತು ತಿದ್ದೋ ಅಧಿಕಾರ ನನಗಿಲ್ಲ ಅಂತ ಅಲ್ಲೇ ಹೇಳ್ದೆ, ಈಗಲೂ ಅದನ್ನೇ ಹೇಳ್ತೀನಿ.

ಒಂದು ಕಾಮೆಂಟಿನ ಕಥೆ ಹೇಳ್ಬೇಕು. "ಗುಬ್ಬಿ" ಊರ ಹಳೇ ಬಾವಿ ಬಗ್ಗೆ ಬರ್ದಿದ್ಲು. ಊರು ಬಿಟ್ಟು ಎಷ್ಟೋ ವರ್ಷ ಆದ ಒಬ್ಬರು ಕೆಳಗೆ ಕೇಳಿದ್ರು, ಬಾವಿ ಪಕ್ಕ ಒಂದು ಅತ್ತಿ ಮರ ಇತ್ತು, ಇದೆಯಾ ಪುಟ್ಟಿ ಅಂತ. ಅವಳಿಗೆ ಗೊತ್ತಿರ್ಲಿಲ್ಲ, ದಿನಾ ಅದೇ ದಾರೀಲಿ ಬರೋಳು. ಸಂಜೆ ಐದಾರು ಜನ ಹೋಗಿ ನೋಡಿದ್ರು, ಮರ ಇಲ್ಲ, ಬುಡ ಇದೆ, ಬುಡದಲ್ಲಿ ಚಿಗುರಿದೆ. ಯಾರು ಕಡಿದ್ರು, ಯಾಕೆ ಕಡಿದ್ರು, ಪಂಚಾಯ್ತಿ ಪೈಪ್‌ಲೈನ್ ಬಂದಾಗಲೋ ಅದಕ್ಕೂ ಮುಂಚೆಯೋ ಅಂತ ಮನೆಮನೆ ಕೇಳ್ಕೊಂಡು ಬಂದು ಮೂರು ಪುಟ ಬರೆದ್ಲು. ನಾನು ಹೋಂವರ್ಕ್ ಕೊಟ್ಟಿರ್ಲಿಲ್ಲ.

ಇದ್ರ ಜೊತೆ ನನ್ನ ಹಳೇ ಬ್ಲಾಗೂ ಮತ್ತೆ ಶುರು ಮಾಡ್ದೆ, ರಾತ್ರಿ ಎಲ್ರೂ ಮಲಗಿದ ಮೇಲೆ. ಅಲ್ಲಿ ನಾನೊಂದು ದೊಡ್ಡ ತಪ್ಪು ಮಾಡ್ದೆ. ಶಾಲೆಗೆ ಸರಿಯಾಗಿ ಬರದ ಒಂದು ಮಗು ಬಗ್ಗೆ, ಅದರ ಮನೆ ಕಷ್ಟದ ಬಗ್ಗೆ, ಹೆಸರು ಹಾಕದೆ, ಪ್ರೀತಿಯಿಂದಲೇ ಬರ್ದಿದ್ದೆ. ಹದಿನೈದು ದಿನ ಆದ್ಮೇಲೆ ಆ ತಾಯಿ ಶಾಲೆ ಗೇಟ್ ಹತ್ರ ನಿಂತಿದ್ಲು. "ಮಿಸ್, ನೀವು ಬರ್ದಿದ್ದ ನನ್ ತಂಗಿ ಫೋನಲ್ಲಿ ಓದಿ ಹೇಳಿದ್ಲು. ಸುಳ್ಳೇನೂ ಬರ್ದಿಲ್ಲ ನೀವು. ಆದ್ರೆ ಅದು ನಮ್ಮನೆ ವಿಷ್ಯ ಅಲ್ವಾ" ಅಂದ್ಲು, ಅಷ್ಟೇ, ಜಗಳ ಮಾಡ್ಲಿಲ್ಲ. ನಾನು ಅಲ್ಲೇ ಡಿಲೀಟ್ ಮಾಡ್ದೆ, ಆದ್ರೆ ಅಷ್ಟೊತ್ತಿಗೆ ಸ್ಕ್ರೀನ್‌ಶಾಟು ವಾಟ್ಸಪ್ಪಲ್ಲಿ ಓಡಾಡಿತ್ತು. ಮಕ್ಕಳಿಗೆ ಒಪ್ಪಿಗೆ ಪತ್ರ ಅಂತ ಅಷ್ಟೆಲ್ಲಾ ಮಾಡಿದೋಳು ನನ್ನ ಬರಹಕ್ಕೆ ಮಾತ್ರ ಯಾರನ್ನೂ ಕೇಳಿರ್ಲಿಲ್ಲ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಈಗ ನನ್ನ ಬ್ಲಾಗಲ್ಲಿ ಶಾಲೆ ಮಕ್ಕಳು ಬರಲ್ಲ. ನಮ್ಮಪ್ಪನ ಸೈಕಲ್ಲು, ಅತ್ತೆಯ ಉಪ್ಪಿನಕಾಯಿ, ವರ್ಗಾವಣೆ ಕೌನ್ಸೆಲಿಂಗ್ ದಿನದ ಸಂಕಟ, ಇಂಥವು ಬರುತ್ವೆ, ಅತ್ತೆ ಬಗ್ಗೆ ಬರೆದ್ರೆ ಮೊದ್ಲು ಅತ್ತೆಗೇ ಓದಿ ಹೇಳ್ತೀನಿ, ಅವ್ರು ಉಪ್ಪಿನ ಅಳತೆ ತಿದ್ದುತಾರೆ.

ಮಾಡೋಕೆ ಹೊರಟೋರಿಗೆ ಇನ್ನೊಂದು ಮಾತು, ಬ್ಯಾಕಪ್ ತಗೊಳ್ಳಿ. ಬ್ಲಾಗರ್ ಸೆಟ್ಟಿಂಗಲ್ಲೇ ಬರಹ, ಕಾಮೆಂಟು ಎಲ್ಲಾ ಇಳಿಸ್ಕೊಳ್ಳೋ ದಾರಿ ಇದೆ. ಜೊತೆಗೆ ನಾನು ಪ್ರತಿ ಬರಹದ ಪ್ರಿಂಟ್ ತೆಗೆಸಿ ಗೋಡೆ ಪತ್ರಿಕೆಗೆ ಅಂಟಿಸ್ತೀನಿ, ಮನೇಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳು ತಮ್ಮ ಅಮ್ಮನ್ನ ಕರ್ಕೊಂಡು ಬಂದು ತೋರ್ಸೋದು ಅಲ್ಲೇ.

2025ರ ಜನವರಿಯಲ್ಲಿ ಡ್ಯಾಂ ಮತ್ತೆ ಕೋಡಿ ಬಿತ್ತು. ಹೊಸ ಮಕ್ಕಳಿಗೆ 2022ರ ಬರಹ ಓದಿ ಹೇಳ್ದೆ, ದೊಡ್ಡಮ್ಮ ಫೋನಲ್ಲಿ ಅತ್ತ ನಾಲ್ಕು ಸಾಲು ಕೂಡ. ಓದಿದ ಮೇಲೆ ಹಿಂದಿನ ಬೆಂಚಿಂದ ಒಬ್ಬಳು ಎದ್ದು ನಿಂತು ಕೇಳಿದ್ಲು, "ಮಿಸ್, ಆ ತೋಟ ಈಗ ಹೆಂಗಿದೆ?" ಆ ನಾಲ್ಕು ಸಾಲು ಬರೆದ ಹುಡುಗ ಅಷ್ಟೊತ್ತಿಗೆ ಹೈಸ್ಕೂಲಲ್ಲಿದ್ದ. ಅವನಿಗೆ ಲಿಂಕ್ ಕಳ್ಸಿ ಪ್ರಶ್ನೇನೂ ಕಳ್ಸಿದ್ವಿ. ನಾಲ್ಕು ದಿನ ಬಿಟ್ಟು ಉತ್ತರ ಬಂತು, ಈ ಸಲ ಎರಡು ಪುಟ.