ಫ್ಯಾನು ನಿಲ್ಲಿಸಿದ ಮೇಲೆ ಕೇಳಿದ ಹಾಡುಗಳು

ತಾವೇ ಬರೆದು, ತಾವೇ ರಾಗ ಕೂಡಿಸಿ, ತಾವೇ ಹಾಡುವವರ ಒಂದು ಸಣ್ಣ ಕೂಟವನ್ನು ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ ಮೂರು ವರ್ಷಗಳಿಂದ ನಡೆಸುತ್ತಿದ್ದೇನೆ. ಊರಿನವರು ಇಬ್ಬರು, ಹೊರಗಿನಿಂದ ಬಂದವರು ಒಬ್ಬರು, ಕೇಳುವವರು ಹೆಚ್ಚೆಂದರೆ 35 ಮಂದಿ. ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಸಂಯೋಜಿಸುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು ಇರುವುದೇ ವಾಡಿಕೆಯಾದ್ದರಿಂದ, ಆಹ್ವಾನಿಸಲು ಹೋದಲ್ಲೆಲ್ಲ "ಯಾರ ಕವಿತೆ ಹಾಡುತ್ತಾರೆ?" ಎಂಬ ಪ್ರಶ್ನೆ ಎದುರಾಗುತ್ತಿತ್ತು. ಪುರಂದರದಾಸರೂ ಶಿಶುನಾಳ ಶರೀಫರೂ ತಾವು ಕಟ್ಟಿದ್ದನ್ನೇ ಹಾಡಿದವರಲ್ಲವೇ ಎಂದರೆ ಒಪ್ಪುತ್ತಿದ್ದರು. ಅವರ ಕೈಯಲ್ಲಿ ಗಿಟಾರ್ ಇರಲಿಲ್ಲವಲ್ಲ ಎಂದು ಒಬ್ಬ ಹಿರಿಯರು ಥಟ್ಟನೆ ಉತ್ತರಿಸಿದ್ದೂ ಉಂಟು.

ಮೊದಲ ಕೂಟಕ್ಕೆ ಎರಡು ಸ್ಪೀಕರ್, ಒಂದು ಮಿಕ್ಸರ್ ಬಾಡಿಗೆಗೆ ತಂದಿದ್ದೆ. ಅದು ದೊಡ್ಡ ತಪ್ಪು. ಹಾಲ್‌ನ ಉದ್ದ 24 ಅಡಿ, ಅಗಲ 16 ಅಡಿ. ನೆಲ ಗ್ರಾನೈಟ್, ಗೋಡೆಗಳು ಬೋಳು. ಸ್ಪೀಕರಿನಿಂದ ಹೊರಟ ದನಿ ಗೋಡೆಗೆ ಬಡಿದು ಮತ್ತೆ ಮೈಕಿಗೇ ಹೊಕ್ಕು, ಮೂರು ಹಾಡಿಗೊಮ್ಮೆ ಕಿವಿ ಸೀಳುವಂತೆ ಕಿರುಚುತ್ತಿತ್ತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ದನಿ ಎಷ್ಟು ಏರಿಸಿದರೆ ಕೇಳುಗರೂ ಅಷ್ಟೇ ಧೈರ್ಯದಿಂದ ಪಕ್ಕದವರೊಡನೆ ಮಾತಿಗಿಳಿಯುತ್ತಿದ್ದರು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂಬುದನ್ನು ನಾನು ತಿಳಿದುಕೊಂಡದ್ದು ರಾತ್ರಿ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ ಮೇಲೆಯೇ.

ಎರಡನೆಯ ಸಲ ಮೈಕನ್ನೇ ಕೈಬಿಟ್ಟೆ. ನೆಲಕ್ಕೆ ಜಮಖಾನ ಹಾಸಿ, ಹುಬ್ಬಳ್ಳಿಯ ಅತ್ತೆ ಹೊಲಿದ ಎರಡು ದಪ್ಪ ಕೌದಿಗಳನ್ನು ಎದುರುಬದುರು ಗೋಡೆಗಳಿಗೆ ತೂಗುಹಾಕಿದೆ. ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡುವುದು ನನ್ನ ಪರೀಕ್ಷೆ: ಮೊದಲು ಟಣ್ಣೆಂದು ಬಾಲ ಎಳೆಯುತ್ತಿದ್ದ ಸದ್ದು, ಕೌದಿ ಬಿದ್ದ ಮೇಲೆ ತಟ್ಟಿದಲ್ಲಿಯೇ ನಿಂತಿತು. ಹಾಡುವವರನ್ನು ಹಾಲ್‌ನ ತುದಿಯಲ್ಲಿ ಕೂರಿಸುವ ಬದಲು ಉದ್ದನೆಯ ಗೋಡೆಯ ಮಧ್ಯದಲ್ಲಿ ಕೂರಿಸಿದ್ದರಿಂದ ಕೊನೆಯ ಸಾಲಿನವರೂ ಹತ್ತಿರವೇ ಆದರು. ಆದರೂ ಬೆರಳಿನಿಂದ ಮೀಟಿದ ಮೆಲ್ಲನೆಯ ಸ್ವರಗಳು ಎಲ್ಲೋ ಕರಗಿಹೋಗುತ್ತಿದ್ದವು. ಕಾರಣ ತಲೆಯ ಮೇಲೆಯೇ ತಿರುಗುತ್ತಿತ್ತು. ಫ್ಯಾನು ನಿಲ್ಲಿಸಿದ ಕ್ಷಣ ತಂತಿಯ ಮೇಲೆ ಬೆರಳು ಜಾರುವ ಸದ್ದು, ಹಾಡುವ ಮುನ್ನ ಎಳೆದುಕೊಂಡ ಉಸಿರು, ಎಲ್ಲವೂ ಕೇಳಿಸಿದವು. ಆದರೆ ಅದು ಏಪ್ರಿಲ್. ಜನ ಬೆವೆತು ಹೋದರು. ಅಂದಿನಿಂದ ಕೂಟಗಳನ್ನು ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಸ್ಟೀಲ್ ಲೋಟಗಳಲ್ಲಿ ಕಾಫಿ ಕೊಡುವುದನ್ನೂ ನಿಲ್ಲಿಸಿದೆ. ಒಂದು ಲೋಟ ಗ್ರಾನೈಟ್ ಮೇಲೆ ಬಿದ್ದರೆ ಒಂದು ಚರಣವೇ ಹೋಯಿತೆಂದು ಲೆಕ್ಕ.

ಸರದಿಯ ವಿಷಯದಲ್ಲಿ ಪಾಠ ಕಲಿತದ್ದು ತುಸು ನೋವಿನಿಂದಲೇ. ಆರಂಭದಲ್ಲಿ ಒಬ್ಬೊಬ್ಬರಿಗೆ 40 ನಿಮಿಷ ಕೊಟ್ಟು, ಅತಿಥಿಯನ್ನು ಗೌರವದಿಂದ ಕೊನೆಗೆ ಇರಿಸಿದ್ದೆ. ಊರಿನ ಗಾಯಕರ ಹಾಡು ಮುಗಿದಂತೆ ಅವರ ಗೆಳೆಯರ ಬಳಗವೆಲ್ಲ ಚಪ್ಪಲಿ ಹುಡುಕತೊಡಗಿತು. ಕೊಚ್ಚಿಯಿಂದ ರೈಲಿನಲ್ಲಿ ಬಂದಿದ್ದ ಯುವಕನ ಎದುರು ಉಳಿದವರು 11 ಜನ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1982ರಲ್ಲಿ ಆರಂಭವಾದ ಬ್ಲೂಬರ್ಡ್ ಕೆಫೆಯಲ್ಲಿ ಹಾಡು ಬರೆಯುವವರು ಸುತ್ತ ಕುಳಿತು, ಒಬ್ಬರ ನಂತರ ಒಬ್ಬರು ಒಂದೊಂದೇ ಹಾಡು ಹಾಡುವ ಪದ್ಧತಿಯಿದೆ. ಅದನ್ನೇ ಅನುಸರಿಸಿ, ಈಗ ಮೂವರೂ ಒಟ್ಟಿಗೆ ಕುಳಿತು ನಾಲ್ಕು ಸುತ್ತು, ಅಂದರೆ 12 ಹಾಡು ಹಾಡುತ್ತಾರೆ. ಗೆಳೆಯನ ನಾಲ್ಕನೆಯ ಹಾಡಿಗಾಗಿ ಕಾಯುವವರು ಅತಿಥಿಯ ಮೂರು ಹಾಡನ್ನಾದರೂ ಕೇಳಲೇಬೇಕಾಗುತ್ತದೆ.

ಭಾಷೆಯ ತೊಡಕು ಬಗೆಹರಿದದ್ದು ಆಕಸ್ಮಿಕವಾಗಿ. ಶಿಲ್ಲಾಂಗ್‌ನಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಖಾಸಿ ಭಾಷೆಯಲ್ಲಿ ಹಾಡುವವಳಿದ್ದಳು. ಅನುವಾದವನ್ನು ಅಚ್ಚು ಹಾಕಿಸಿ ಹಂಚಿದ್ದೆ. ಎಲ್ಲರೂ ತಲೆ ತಗ್ಗಿಸಿ ಓದುವುದರಲ್ಲಿ ಮುಳುಗಿದರು, ಕಾಗದದ ಸರಸರ ಬೇರೆ. ಆ ದಿನ ಬೆಳಿಗ್ಗೆಯಷ್ಟೇ ಅವಳು ಹೊಸ ತಂತಿ ಹಾಕಿದ್ದಳು. ಹೊಸ ತಂತಿ ಎಳೆದುಕೊಳ್ಳುತ್ತ ಶ್ರುತಿ ಇಳಿಯುವುದರಿಂದ ಪ್ರತಿ ಸರದಿಗೂ ಗಿಟಾರಿನ ಕಿವಿ, ಅಂದರೆ ತಂತಿ ಬಿಗಿಯುವ ಬಿರಡೆ, ಹಿಂಡಬೇಕಾಯಿತು. ನನಗೆ ಮುಜುಗರ. ಅವಳು ಮಾತ್ರ ಕಿವಿ ತಿರುಗಿಸುತ್ತಲೇ, ಈ ಹಾಡಿನಲ್ಲಿ ಮಳೆಗೆ ಒಣಗದ ಅಜ್ಜಿಯ ಶಾಲು ಇದೆ ಎಂದು ಎರಡು ಮಾತು ಹೇಳಿದಳು, ಜನ ತಲೆಯೆತ್ತಿದರು. ನಂತರ ಹಾಡಿದ ನಮ್ಮೂರಿನ ಹುಡುಗ ಹುಟ್ಟಿನಿಂದ ಕುಂದಾಪುರದವನು. ಅವನ ಸೊಲ್ಲು ಮೈಸೂರಿನವರಿಗೆ ಅರ್ಧ ಖಾಸಿಯೇ. ಅವನೂ "ಹ್ವಾಯ್" ಎಂದರೆ ನಮ್ಮಲ್ಲಿ ಕರೆಯುವ ರೀತಿ ಎಂದು ಹೇಳಿ ಪಲ್ಲವಿ ಎತ್ತಿದಾಗ, ಹಿಂದಿನ ಸಾಲಿನಿಂದಲೂ "ಹ್ವಾಯ್" ಎಂಬ ಮರುದನಿ ಬಂತು. ಅನುವಾದದ ಹಾಳೆಗಳನ್ನು ಮತ್ತೆ ಅಚ್ಚು ಹಾಕಿಸಲಿಲ್ಲ.

ಹಣದ ಲೆಕ್ಕ ಸರಳ. ತಲೆಗೆ 300 ರೂಪಾಯಿಯಂತೆ ಹಾಲ್ ತುಂಬಿದರೆ 10,500. ಮೊದಲು ಅತಿಥಿಯ ಪ್ರಯಾಣದ ಖರ್ಚು ತೆಗೆದಿಟ್ಟು, ಉಳಿದದ್ದನ್ನು ಮೂವರಿಗೂ ಸಮನಾಗಿ, ಅದೇ ರಾತ್ರಿ, ಕವರಿನಲ್ಲಿ ಹಾಕಿ ಕೊಡುತ್ತೇನೆ. ಕಾಫಿಪುಡಿ, ಹಾಲು ನಮ್ಮ ಮನೆಯದು.