ಹುಳುಮನೆಯ ಹಾಜರಿ ಪುಸ್ತಕ: ಮನೆಮಂದಿಗೆ ಕೂಲಿ ಕೊಟ್ಟು ರೇಷ್ಮೆ ಬೆಳೆದ ನನ್ನ ಅನುಭವ

ಹೊಳಲ್ಕೆರೆ ಸುತ್ತ ಈಗ ಎತ್ತ ನೋಡಿದರೂ ಅಡಿಕೆ ಸಸಿ. ಹಿಪ್ಪುನೇರಳೆ ಕಿತ್ತು ಹಾಕಿದವರನ್ನು ಕೇಳಿದರೆ ಉತ್ತರ ಒಂದೇ: "ಮನೇಲಿ ಮಾಡೋರಿಲ್ಲ." ಮಾಡೋರು ಇದ್ದಾರೆ. ಅವರಿಗೆ ಕೂಲಿಯೂ ಇಲ್ಲ, ಮಾತೂ ನಡೆಯಲ್ಲ, ಅಷ್ಟೇ. ಮನೆಯವರಿಗೂ ಹಾಜರಿ ಬರೆದು ಗಂಟೆ ಲೆಕ್ಕದಲ್ಲಿ ಕೂಲಿ ಕೊಡ್ತೀವಿ, ಒಬ್ಬೊಬ್ಬರಿಗೆ ಒಂದೊಂದು ತೀರ್ಮಾನ ಬಿಟ್ಟುಕೊಡ್ತೀವಿ ಅಂದಾಗ "ಅತ್ತೆಗೆ ಸೊಸೆ ಸಂಬಳ ಕೊಡೋದಾ?" ಎಂದು ನಕ್ಕವರೇ ಹೆಚ್ಚು. ಈಗ ನಾಲ್ಕೈದು ವರ್ಷದಿಂದ ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ) 70 ಕೆ.ಜಿ. ಆಸುಪಾಸು ಗೂಡು ನಿಂತಿದೆ. ನಕ್ಕವರಲ್ಲೇ ಕೆಲವರು ಪುಸ್ತಕ ನೋಡಿಕೊಂಡು ಹೋಗಿದ್ದಾರೆ.

ಹುಳು ಸಾಕಿದವರಿಗೇ ಬರೆಯುತ್ತಿರುವುದರಿಂದ ತೋಟದ ಗೊಬ್ಬರ, ಸೋಂಕು ನಿವಾರಣೆ ಎಲ್ಲ ಬಿಟ್ಟೆ. ನೇರ ದುಡ್ಡಿಗೆ ಬರೋಣ.

200 ಮೊಟ್ಟೆಯ ಒಂದು ಬೆಳೆ, ನೆನಪಿನ ಮೇಲೆ ಹೇಳುವ ಅಂಕಿ. ಎರಡನೇ ಜ್ವರ (ಚರ್ಮ ಕಳಚಲು ಹುಳು ಮೇವು ಬಿಟ್ಟು ಕೂರುವ ಹೊತ್ತು) ಎದ್ದ ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, ಆರೂವರೆ ಸಾವಿರ. ಸುಣ್ಣ, ವಿಜೇತ (ರೋಗ ತಡೆಯಲು ಹುಳುವಿನ ಮೇಲೆ ಉದುರಿಸುವ ಪುಡಿ), ಬ್ಲೀಚಿಂಗ್ ಪೌಡರ್, ಪೇಪರ್ ಸೇರಿ ಎರಡೂವರೆ. ತೋಟದ ಗೊಬ್ಬರದ ಪಾಲು ಆರು ಸಾವಿರ. ಹಣ್ಣು (ಗೂಡು ಕಟ್ಟಲು ತಯಾರಾದ ಹುಳು) ಆರಿಸುವ ದಿನದ ಹೊರಗಿನ ಆಳು, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಬಾಡಿಗೆ, ರಾಮನಗರದ ಗೂಡು ಮಾರುಕಟ್ಟೆಗೆ ಸಾಗಾಟ ಎಲ್ಲ ಸೇರಿ ಐದು. ಒಟ್ಟು 20,000. ಗೂಡು 140 ಕೆ.ಜಿ., ಕೆ.ಜಿ.ಗೆ 500 ಸಿಕ್ಕಿತು ಅಂದರೆ 70,000. ಊರಲ್ಲಿ ಎಲ್ಲರೂ "50 ಸಾವಿರ ಲಾಭ" ಎಂದು ಇಲ್ಲಿಗೇ ಲೆಕ್ಕ ಮುಗಿಸಿ ಮೀಸೆ ತಿರುವುತ್ತಾರೆ. ಮನೆಯವರ ದುಡಿಮೆ ಬರೆದುಕೊಳ್ಳಿ: ಹುಳುವಿನ ಮೂರು ಮತ್ತು ನಾಲ್ಕನೇ ಹಂತದಲ್ಲಿ (ಒಂದೊಂದು ಜ್ವರ ಎದ್ದ ಮೇಲೆ ಒಂದೊಂದು ಹಂತ) ಎಲ್ಲರದ್ದೂ ಸೇರಿ ದಿನಕ್ಕೆ ಹತ್ತು ಗಂಟೆ, ಐದನೇ ಹಂತದ ಏಳು ದಿನ ಮೂವತ್ತು ದಾಟುತ್ತದೆ, ಗೂಡು ಬಿಡಿಸುವುದು ಬೇರೆ. ಹತ್ತಿರ ಹತ್ತಿರ 360 ಗಂಟೆ. ಗಂಟೆಗೆ 50ರಂತೆ 18,000. ಆ 50 ಸಾವಿರದಲ್ಲಿ ಇಷ್ಟು ಅಡುಗೆಮನೆಯಿಂದ ಎದ್ದು ಬಂದವರ ಕೂಲಿ. ಉಳಿದ 32 ಸಾವಿರ ಲಾಭ.

ದರ ಹೆಣ್ಣು ಗಂಡು ಎನ್ನದೆ ಒಂದೇ. ಊರ ಕೂಲಿಯಲ್ಲಿ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ; ಅದನ್ನೇ ಮನೆಯೊಳಗೂ ತಂದರೆ ಸೊಪ್ಪು ಕೊಯ್ಯುವವರು ಕೈ ನಿಧಾನ ಮಾಡುತ್ತಾರೆ, ತಪ್ಪೇನಲ್ಲ. ಒಂದು ದರಕ್ಕೆ ನಮ್ಮನೆಯವರನ್ನು ಒಪ್ಪಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ.

ಕೂಲಿಗಿಂತ ಮುಖ್ಯ, ತೀರ್ಮಾನ ಯಾರದು ಅನ್ನುವುದು. ಎಲ್ಲರೂ ಎಲ್ಲವನ್ನೂ ಸರದಿಯಲ್ಲಿ ಮಾಡುವ ಪದ್ಧತಿ ಹುಳುಮನೆಯಲ್ಲಿ ನಿಲ್ಲಲ್ಲ. ಬೆಳಿಗ್ಗೆ ಒಬ್ಬರು ಜ್ವರಕ್ಕೆ ಕೂತಿವೆ ಎಂದು ಸುಣ್ಣ ಹೊಡೆದಿರುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಪಾಪ ಹಸಿದಿವೆ ಎಂದು ಸೊಪ್ಪು ಹಾಕುತ್ತಾರೆ. ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಕೂತವು ಸೊಪ್ಪಿನಡಿ ಒದ್ದೆಯಲ್ಲಿ ಉಳಿಯುತ್ತವೆ. ಮುಂದೆ ಹಣ್ಣಾಗುವುದು ಒಂದು ದಿನದ ಬದಲು ಮೂರು ದಿನ. ಗೂಡಿನ ತೂಕ ಹೋಗುವುದು ಇಲ್ಲಿ, ಮಾರುಕಟ್ಟೆಯಲ್ಲಲ್ಲ.

ಹಾಗಾಗಿ ಜ್ವರ ಪೂರ್ತಿ ಅತ್ತೆಯದು. ಸೊಪ್ಪು ನಿಲ್ಲಿಸುವುದು, ಮತ್ತೆ ಕೊಡುವುದು ಅವರು ಹೇಳಿದ ಮೇಲೆ. ಅವರು ನೋಡುವ ಗುರುತು: ಹುಳು ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ, ಮೈ ಬಿಗಿದು ಹೊಳೆಯುತ್ತದೆ, ತಲೆಯ ಹಿಂದೆ ಚರ್ಮದೊಳಗೆ ಕಪ್ಪು ಮುಕ್ಕೋನ ಕಾಣುತ್ತದೆ, ಅದು ಒಳಗೆ ಬೆಳೆಯುತ್ತಿರುವ ಹೊಸ ತಲೆ. ಹೆಚ್ಚಿನವು ಹೀಗೆ ಕೂತಾಗ ತೆಳ್ಳಗೆ ಸುಣ್ಣ, ಕಿಟಕಿ ಬಿಡುವುದು, ಹಾಸಿಗೆ ಒಣಗಿಸುವುದು. ಎದ್ದ ಹುಳುವಿನ ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ, ಚರ್ಮ ಸಡಿಲ, ಸುಕ್ಕು. ನೂರಕ್ಕೆ 95 ಎದ್ದ ಮೇಲೆ ವಿಜೇತ, ಅರ್ಧ ಗಂಟೆ ಬಿಟ್ಟು ಸೊಪ್ಪು. ಆ ಕೊನೆಯ ಐದಕ್ಕೆ ಕಾಯುವವರು ಕಾಯಲಿ, ಅತ್ತೆ ಕಾಯಲ್ಲ, ಆರಿಸಿ ಹೊರಗೆ ಹಾಕುತ್ತಾರೆ. ಅಕ್ಷರ ಬಾರದವರಿಗೆ ಇಷ್ಟು ದೊಡ್ಡ ಜವಾಬ್ದಾರಿಯೇ ಎಂದು ಕೇಳಿದವರಿದ್ದರು. ಈಗ ಅಕ್ಕಪಕ್ಕದ ಹುಳುಮನೆಯವರೂ ಕರೆಯುತ್ತಾರೆ, ಅವರು ಹೋಗಿ ನೋಡಿ ಕಾಫಿ ಕುಡಿದು ಬರುತ್ತಾರೆ.

ಮಾವನಿಗೆ ಬಾಗಿಲು. ವಯಸ್ಸಾದವರಿಗೆ ಕೂರಿಸಿ ಮಾಡಿಸುವ ಕೆಲಸ ಅಂದುಕೊಳ್ಳಬೇಡಿ. ಹುಳುವಿಗೆ ರೋಗ ಬರುವುದೇ ಒಳಗೆ ಬರುವವರ ಕಾಲಲ್ಲಿ, ಕೈಯಲ್ಲಿ. ಬ್ಲೀಚಿಂಗ್ ನೀರಿನ ತೊಟ್ಟಿ ಬದಲಿಸುವುದು, ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ತಡೆಯುವ ಪರದೆಯ ತೂತು ಹೊಲಿಯುವುದು, ಬಂದ ನೆಂಟರನ್ನು ಮಾತಾಡಿಸಿ ಹೊರಗೇ ಕೂರಿಸುವುದು. ಈ ಕೊನೆಯದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದಕ್ಕೂ ಹಾಜರಿ ಇದೆ.

ಮಕ್ಕಳ ವಿಷಯದಲ್ಲಿ ಜನ ಎರಡು ಅತಿಗೆ ಹೋಗುತ್ತಾರೆ. ಒಂದೋ "ಓದಲಿ, ಇದು ಬೇಡ". ಇಲ್ಲವೇ ಪರೀಕ್ಷೆ ಹೊತ್ತಿನಲ್ಲೂ ರಾತ್ರಿ ಹತ್ತರ ಸೊಪ್ಪಿಗೆ ಎಬ್ಬಿಸುವುದು. ರಾತ್ರಿ ಸೊಪ್ಪು ಹುಡುಗರಿಗೆ ಬೇಡವೇ ಬೇಡ, ನಿದ್ದೆಗಣ್ಣಲ್ಲಿ ಕಡ್ಡಿ ದಪ್ಪ ದಪ್ಪ ಎಸೆದು ಬರುತ್ತಾರೆ. ಅಳೆದು ಬರೆಯುವ ಕೆಲಸ ಕೊಡಿ. ಮಗನದು ಒಣ-ಒದ್ದೆ ಥರ್ಮಾಮೀಟರು, ಬೆಳಿಗ್ಗೆ ಸಂಜೆ. ದೊಡ್ಡ ಹುಳುವಿಗೆ 25 ಡಿಗ್ರಿ ಆಸುಪಾಸು, ಎರಡರ ನಡುವೆ ಮೂರು ಡಿಗ್ರಿ ಅಂತರವಿದ್ದರೆ ತೇವಾಂಶ ಸರಿ. ಆರು ದಾಟಿದರೆ ಕಿಟಕಿಗೆ ಒದ್ದೆ ಗೋಣಿ, ಒಂದಕ್ಕೆ ಇಳಿದರೆ ಗಾಳಿ ಬಿಡಬೇಕು. ಗೋಣಿ ಒದ್ದೆ ಮಾಡಬೇಕೆಂದು ಅವನು ಹೇಳಿದರೆ ಅಪ್ಪನೂ ಎದ್ದು ಮಾಡಬೇಕು, ಇದು ನಿಯಮ. ಹುಡುಗನ ಮಾತು ನಡೆಯದಿದ್ದರೆ ಎರಡನೇ ವಾರಕ್ಕೆ ಅವನು ನೋಡದೇ ಅಂಕಿ ಬರೆಯುತ್ತಾನೆ. ಮಾತು ನಡೆಯದಿದ್ದರೂ ಕಷ್ಟಪಟ್ಟರೆ ಮನುಷ್ಯ ತಾನಾಗಿ ತಯಾರಾಗುತ್ತಾನೆ ಅನ್ನುವವರಿದ್ದಾರೆ, ನಾನು ಅದನ್ನು ಪೂರ್ತಿ ನಂಬಲ್ಲ. ಜೀವಮಾನವೆಲ್ಲ ಕಷ್ಟಪಟ್ಟೂ ಬಾಯಿ ಬಿಡದ ಹೆಂಗಸರು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದಾರೆ.

ನಮ್ಮನೆಯವರದು, ಅಂದರೆ ಗಂಡನದು, ತೋಟ, ಬೋರು, ಗಿಡ ಸವರುವ ದಿನಾಂಕ. ಚಾಕಿ ಬರುವ ದಿನದಿಂದ ಹಿಂದಕ್ಕೆ ಎಣಿಸಿ ಸವರಬೇಕು. ಪಕ್ಕದ ದಾಳಿಂಬೆಗೆ ಯಾವತ್ತು ಔಷಧಿ ಎಂದು ವಿಚಾರಿಸುವುದೂ ಅವರೇ. ಔಷಧಿ ಹಾರಿ ಬೀಳುವ ಗಾಳಿಯ ಕಡೆಯ ಮೂರ್ನಾಲ್ಕು ಸಾಲಿನ ಸೊಪ್ಪು ಹುಳುವಿಗೆ ಹಾಕುವುದೇ ಇಲ್ಲ.

ನಡುವೆ ಒಂದೆರಡು ಪ್ರಯೋಗ. ತಿಂದುಳಿದ ಕಡ್ಡಿ ಸೊಪ್ಪನ್ನು ಮೇಕೆಗೆ ಹಾಕಿ, ಮೇಕೆ ದುಡ್ಡು ಅತ್ತೆಗೆ ಎಂದು ಮಾಡಿದೆವು. ಮೇಕೆ ಚೆನ್ನಾಗಿ ಬೆಳೆದವು, ಆದರೆ ಮೇಕೆಗೆ ಬೇಕೆಂದು ಹುಳುವಿಗೆ ಸೊಪ್ಪು ಜಾಸ್ತಿ ಬೀಳತೊಡಗಿತು! ಈಗ ಎರಡೇ ಮೇಕೆ. ಪ್ಲಾಸ್ಟಿಕ್ ಚಂದ್ರಿಕೆಯೂ ಆಯಿತು. ತೊಳೆಯಲು, ಗೂಡು ಬಿಡಿಸಲು ಸಲೀಸು, ಒಮ್ಮೆಗೆ ಬಂಡವಾಳ ಜಾಸ್ತಿ. ಬಿದಿರಿನದರಲ್ಲಿ ಒಂದಕ್ಕೆ ಸಾವಿರದ ಸುಮಾರು ಹುಳುವಿಗಿಂತ ಹೆಚ್ಚು ಬಿಟ್ಟರೆ ಜೋಡಿಗೂಡು (ಎರಡು ಹುಳು ಸೇರಿ ಕಟ್ಟುವ ಒಂದೇ ಗೂಡು) ಖಂಡಿತ.

ಹಣ್ಣಿನ ದಿನ ಮಾತ್ರ ಹಕ್ಕು ಗಿಕ್ಕು ಏನಿಲ್ಲ, ಎಲ್ಲರೂ ಆರಿಸಬೇಕು. ನೂರಕ್ಕೆ ಐದು ಹುಳು ಹಣ್ಣಾದಾಗ 'ಸಂಪೂರ್ಣ' ಎಂಬ ದ್ರಾವಣ ಸೊಪ್ಪಿಗೆ ಚಿಮುಕಿಸಿದರೆ ಉಳಿದವೂ ಒಟ್ಟಿಗೆ ಬರುತ್ತವೆ, ಹೊರಗಿನ ಆಳು ಒಂದು ದಿನಕ್ಕೆ ಮುಗಿಯುತ್ತದೆ. ಎಷ್ಟು ಹೊತ್ತಿಗೆ ಚಿಮುಕಿಸಬೇಕು ಅನ್ನುವುದು ನಮ್ಮದೊಂದು ಗುಟ್ಟು, ಇರಲಿ.

ರಾಮನಗರಕ್ಕೆ ಗೂಡು ಒಯ್ಯುವುದು ನಾನು. ರಾತ್ರಿ ಹೊರಟು ಬೆಳಿಗ್ಗೆ ಹರಾಜಿನ ಹೊತ್ತಿಗೆ ಅಲ್ಲಿರಬೇಕು. ದುಡ್ಡು ಈಗ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಬಹುತೇಕ ಮನೆಗಳಲ್ಲಿ ಆ ಖಾತೆ ಗಂಡಸರದ್ದು. ಆದ್ದರಿಂದ ಮಾರಿದ ಮರುದಿನವೇ ಪುಸ್ತಕ ತೆಗೆದು ಮೊದಲು ಕೂಲಿ ಹಂಚಬೇಕು, ಸಾಲದ ಕಂತು ಆಮೇಲೆ. ತಿರುಗುಮುರುಗಾದರೆ ಕೂಲಿಗೆ ಏನೂ ಉಳಿಯಲ್ಲ. ಪ್ರತಿ ಒಳ್ಳೆ ಬೆಳೆಯಲ್ಲಿ ಐದು ಸಾವಿರದಂತೆ ತೆಗೆದಿಟ್ಟು 15 ಸಾವಿರ ಆಗುವವರೆಗೆ ಮುಟ್ಟಬಾರದು. ಬೇಸಿಗೆಯಲ್ಲಿ ಸಪ್ಪೆ ರೋಗ ಬಂದು ಅರ್ಧ ಹುಳು ಹೋದ ಬೆಳೆಗೂ ಕೂಲಿ ಕೊಡುವುದು ಆ ಗಂಟಿನಿಂದ. ಕೆಟ್ಟ ಬೆಳೆಯಲ್ಲಿ ಕೂಲಿ ನಿಂತರೆ ಮುಂದಿನ ಬೆಳೆಗೆ ಯಾರೂ ಹಾಜರಿ ಬರೆಸಲ್ಲ.

ಅತ್ತೆ ಈಗ ಗಂಟೆಗೆ 60 ಕೇಳುತ್ತಿದ್ದಾರೆ. ಜ್ವರದ ರಾತ್ರಿಗಳಿಗೆ ಮಾತ್ರ ಒಪ್ಪಿದ್ದೇನೆ.