ಕೊನೇ ಸಾಲಿನಲ್ಲಿ ಕೂತು ನೋಡಿ: ಮೈಸೂರಲ್ಲಿ ಮೊದಲ ಸಲ ನಾಟಕ ಆಡಿಸುವವರಿಗೆ

ನಮ್ಮೂರು ಮದ್ದೂರಿನ ಹತ್ತಿರ. ಅಲ್ಲಿ ನಾಟಕ ಅಂದರೆ ಮಾರಿಗುಡಿ ಮುಂದಿನ ಬಯಲು, ಬಾಡಿಗೆಗೆ ತಂದ ಸೀನರಿ, ಹಾರ್ಮೋನಿಯಂ ಮೇಷ್ಟ್ರು. ರಾತ್ರಿ ಒಂಬತ್ತರ ಮೇಲೆ ಶುರುವಾದರೆ ಕೋಳಿ ಕೂಗುವವರೆಗೆ. ನಮ್ಮಪ್ಪ ಕರ್ಣನ ಪಾತ್ರ ಮಾಡುತ್ತಿದ್ದರು. ನಾನು ಮೈಸೂರಿಗೆ ಬಂದು ಹೈಸ್ಕೂಲಲ್ಲಿ ಕನ್ನಡ ಪಾಠ ಹೇಳುತ್ತಾ, ಇಪ್ಪತ್ತೆರಡು ವರ್ಷದಿಂದ ಒಂದು ಹವ್ಯಾಸಿ ತಂಡದ ತೆರೆಮರೆ ಕೆಲಸ ನೋಡಿಕೊಂಡಿದ್ದೇನೆ. ಹಾಲ್ ಗೊತ್ತುಮಾಡುವುದರಿಂದ ಹಿಡಿದು ಕಸ ಗುಡಿಸಿ ಬೀಗ ಹಾಕುವವರೆಗೆ ಎಲ್ಲ ನನ್ನ ಪಾಲಿಗೆ. ಈಚೆಗೆ ಕಾಲೇಜು ಮುಗಿಸಿ ತಂಡ ಕಟ್ಟಿಕೊಂಡ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಒಂದು ಶೋ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು?" ಅನ್ನುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮವ್ವನ ಮಾತು. ನಾನು ಮೈಸೂರಲ್ಲಿ ಮೊದಲ ಸಲ ಬಣ್ಣ ಹಚ್ಚಿದ ದಿನ ಅವ್ವ ಪಕ್ಕದ ಮನೆ ಅತ್ತೆಯನ್ನು ಕರೆದುಕೊಂಡು ರೈಲಿನಲ್ಲಿ ಬಂದಿದ್ದಳು. ಮುಂದಿನ ಸಾಲುಗಳಿಗೆ 'ಗಣ್ಯರಿಗೆ' ಅಂತ ಚೀಟಿ ಅಂಟಿಸಿದ್ದರು. ಇಬ್ಬರೂ ಹೋಗಿ ಕೊನೇ ಸಾಲಿನಲ್ಲಿ ಕೂತರು. ನಾಟಕ ಮುಗಿದ ಮೇಲೆ ಹೇಗಿತ್ತು ಅಂದೆ. "ನಿನ್ ಸೀರೆ ಬಣ್ಣ ಚೆಂದಾಗ್ ಕಾಣ್ತಿತ್ತು ಕಣವ್ವ. ಮಾತ್ ಮಾತ್ರ ಒಂದೂ ಕೇಳ್ನಿಲ್ಲ" ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಪೇಟೆ ನಾಟಕ ಹೀಗೇ ಇರುತ್ತದೆ ಅಂದುಕೊಂಡಿದ್ದಳು. ಊರ ಬಯಲಿನಲ್ಲಿ ಅಪ್ಪನ ಕಂದ ಪದ್ಯವನ್ನು ಕೆರೆ ಏರಿವರೆಗೆ ಕೇಳಿಸಿಕೊಂಡವಳು ಅವಳು. ಅವತ್ತಿನಿಂದ ಯಾವ ತೀರ್ಮಾನ ಮಾಡುವಾಗಲೂ ನಾನು ಕೊನೇ ಸಾಲಿನಲ್ಲಿ ಅವ್ವ ಕೂತಿದ್ದಾಳೆ ಅಂತಲೇ ಲೆಕ್ಕ ಹಾಕುತ್ತೇನೆ.

ಹಾಗಾಗಿ ಅರ್ಜಿ ಬರೆಯುವ ಮೊದಲು, ನಿಮ್ಮ ಮನಸ್ಸಿನಲ್ಲಿರುವ ಹಾಲಿಗೆ ಬೇರೆಯವರ ಕಾರ್ಯಕ್ರಮ ನೋಡಲು ಹೋಗಿ. ಮುಂದೆ ಜಾಗ ಖಾಲಿ ಇದ್ದರೂ ಅರ್ಧ ಗಂಟೆ ಕೊನೇ ಸಾಲಿನಲ್ಲಿ ಕೂರಿ. ಮುಖ ಕಾಣುತ್ತದಾ? ಕಂಬ ಅಡ್ಡ ಬರುತ್ತದಾ? ಫ್ಯಾನು ತಿರುಗುವಾಗ ಮಾತು ಕೇಳುತ್ತದಾ? ಹೊರಗಿನ ಹಾರ್ನ್ ಎಷ್ಟು ಒಳಗೆ ಬರುತ್ತದೆ?

ಮೈಸೂರಲ್ಲಿ ಜಾಗಕ್ಕೆ ಕೊರತೆ ಇಲ್ಲ. ಆದರೆ ಎಲ್ಲ ಜಾಗವೂ ಎಲ್ಲ ನಾಟಕಕ್ಕೂ ಹೊಂದುವುದಿಲ್ಲ. ಹುಣಸೂರು ರಸ್ತೆಯ ಕಲಾಮಂದಿರ ದೊಡ್ಡದು. ನೃತ್ಯರೂಪಕ, ಹಿಮ್ಮೇಳ ಇರುವ ಪೌರಾಣಿಕ ನಾಟಕ, ನಲವತ್ತು ಮಕ್ಕಳು ಕುಣಿಯುವ ಶಾಲಾ ವಾರ್ಷಿಕೋತ್ಸವಕ್ಕೆ ಸರಿ. ಐದು ಜನ ಮೆಲ್ಲಗೆ ಮಾತಾಡಿಕೊಳ್ಳುವ ನಾಟಕ ಅಲ್ಲಿ ಕಳೆದುಹೋಗುತ್ತದೆ. ಅಂಥದ್ದಕ್ಕೆ ಅದೇ ಆವರಣದ ಕಿರುರಂಗಮಂದಿರ ಕೇಳಿ. ಪಕ್ಕದಲ್ಲೇ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ಜಾಗ. ಅಲ್ಲಿನ ಭೂಮಿಗೀತ ಅನ್ನುವ ರಂಗಮಂದಿರದಲ್ಲಿ ನಟಿಯ ಉಸಿರು ಎಳೆದದ್ದೂ ಪ್ರೇಕ್ಷಕರಿಗೆ ತಿಳಿಯುತ್ತದೆ. ಹೊಸಬರ ಮಾತಿನ ನಾಟಕಕ್ಕೆ ನನ್ನ ಮೊದಲ ಆಯ್ಕೆ ಯಾವತ್ತೂ ಅದೇ. ಅಲ್ಲಿನ ವನರಂಗ ಬಯಲು ರಂಗಮಂದಿರ. ಮರದ ನೆರಳೂ ಆಕಾಶವೂ ನಾಟಕದ ಭಾಗವಾಗುತ್ತವೆ. ಮಳೆ ತಿಂಗಳಲ್ಲಿ ಮಾತ್ರ ಅದರ ಆಸೆ ಬೇಡ.

ಪುರಭವನ ಊರಿನ ನಡುವೆ ಇದೆ. ದಿವಾನ್ ರಂಗಾಚಾರ್ಲು ನೆನಪಿಗೆ 1884ರಲ್ಲಿ ಕಟ್ಟಿದ್ದು. ಸಿಟಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬರಬಹುದು. ಹಳ್ಳಿಯಿಂದ, ಬಡಾವಣೆಯಿಂದ ಬಸ್ಸಿನಲ್ಲಿ ಬರುವ ಪ್ರೇಕ್ಷಕರು ನಿಮಗೆ ಬೇಕಿದ್ದರೆ ಇದು ದೊಡ್ಡ ಅನುಕೂಲ. ಸಂಗೀತಕ್ಕಾದರೆ ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನ ನೋಡಿ. ರಾಮಕೃಷ್ಣನಗರದ ನಟನ ರಂಗಶಾಲೆಯಲ್ಲಿ ವಾರಾಂತ್ಯದ ಪ್ರದರ್ಶನಕ್ಕೆ ಹೋಗಿ ಕೂತರೆ, ಚಿಕ್ಕ ಜಾಗವನ್ನು ಹೇಗೆ ಬಳಸಬಹುದು ಅಂತ ಕಣ್ಣಾರೆ ಕಲಿಯಬಹುದು.

ದಿನ ಹಿಡಿಯುವ ವಿಷಯ. ದಸರಾ ಒಂಬತ್ತು ದಿನ ಅರಮನೆ ಮುಂದೆ, ಜಗನ್ಮೋಹನ ಅರಮನೆಯಲ್ಲಿ, ಕಲಾಮಂದಿರದಲ್ಲಿ, ಪುರಭವನದಲ್ಲಿ, ಗಾನಭಾರತಿಯಲ್ಲಿ ಸರ್ಕಾರದ ಕಾರ್ಯಕ್ರಮಗಳೇ ಇರುತ್ತವೆ. ಆಗ ನಿಮಗೆ ಹಾಲೂ ಸಿಗದು, ಲೈಟಿನವರೂ ಸಿಗರು, ಜನರೂ ಸಿಗರು. ರಂಗಾಯಣದಲ್ಲಿ ಬಹುರೂಪಿ ನಾಟಕೋತ್ಸವ, ಬೇಸಿಗೆಯ ಮಕ್ಕಳ ಶಿಬಿರ ಚಿನ್ನರ ಮೇಳ ಇರುವಾಗ ಆ ಆವರಣ ಕೇಳಬೇಡಿ, ಹೋಗಿ ನೋಡಿ. ನವೆಂಬರ್ ತುಂಬಾ ರಾಜ್ಯೋತ್ಸವ, ಡಿಸೆಂಬರ್ ಜನವರಿಯಲ್ಲಿ ಶಾಲೆಗಳ ವಾರ್ಷಿಕೋತ್ಸವ. ನನಗೆ ಸದಾ ಕೈ ಹಿಡಿದಿರುವುದು ಆಷಾಢ. ಮದುವೆ, ಗೃಹಪ್ರವೇಶ ಇಲ್ಲ, ರಂಗಪ್ರವೇಶಗಳೂ ಕಡಿಮೆ. ಶುಕ್ರವಾರ ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ, ಅದೊಂದು ಬಿಟ್ಟು ಶನಿವಾರ ಭಾನುವಾರ ಜನ ಮನೆಯಲ್ಲಿರುತ್ತಾರೆ.

ಕಲಾಮಂದಿರಕ್ಕೆ ಅರ್ಜಿಯನ್ನು ಅಲ್ಲೇ ಇರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಕೊಡಬೇಕು. ತಂಡದ ಲೆಟರ್‌ಹೆಡ್ಡಿನಲ್ಲಿ ದಿನ, ವೇಳೆ, ನಾಟಕದ ಹೆಸರು, ಟಿಕೆಟ್ ಇದೆಯೋ ಇಲ್ಲವೋ ಎಲ್ಲ ಬರೆಯಿರಿ; ಸ್ವೀಕೃತಿ ಸೀಲು ಹಾಕಿಸಿದ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ಯಾವ ಹಾಲೇ ಆಗಲಿ, ಬಾಡಿಗೆ ಅರ್ಧ ದಿನಕ್ಕಾ ಇಡೀ ದಿನಕ್ಕಾ, ಡಿಪಾಸಿಟ್ ಎಷ್ಟು, ಕರೆಂಟು ಜನರೇಟರು ಸೇರಿದೆಯಾ, ಹಾಲಿನ ಲೈಟು ಮೈಕುಗಳಲ್ಲಿ ಎಷ್ಟು ನಡೆಯುವ ಸ್ಥಿತಿಯಲ್ಲಿವೆ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಸಾಲದು, ಸ್ವಿಚ್ ಹಾಕಿಸಿ ನೋಡಿ. ದುಡ್ಡು ಉಳಿಸಲು ಅರ್ಧ ದಿನಕ್ಕೆ ತೆಗೆದುಕೊಳ್ಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಸಂಜೆ ಆರೂವರೆ ಪ್ರದರ್ಶನಕ್ಕೆ ಬೆಳಿಗ್ಗೆ ಎಂಟಕ್ಕೆ ನಿಮ್ಮ ಸೆಟ್ ರಂಗದ ಮೇಲಿರಬೇಕು. ಹನ್ನೊಂದರವರೆಗೆ ಸೆಟ್, ಎರಡರವರೆಗೆ ಲೈಟು, ಊಟ ಆದ ಮೇಲೆ ವೇಷ ಸಮೇತ ಒಂದು ಪೂರ್ತಿ ರನ್. ಐದಕ್ಕೆ ರಂಗ ಖಾಲಿ ಮಾಡಿ ನಟರನ್ನು ಮೇಕಪ್ಪಿಗೆ ಕಳಿಸಿ.

ಲೇಖಕರ ಅನುಮತಿ ಮರೆಯಬೇಡಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ನಾಟಕಗಳನ್ನು ಈಗ ಯಾರು ಬೇಕಾದರೂ ಆಡಬಹುದು. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ. ಅವರ ನಾಟಕಕ್ಕೆ ಮನೆಯವರನ್ನು ಕೇಳಲೇಬೇಕು. ಬಯಲಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು.

ಇನ್ನು ಕರೆಂಟು. ಇದನ್ನು ನಿಧಾನವಾಗಿ ಓದಿ. ಹಳೇ ಹ್ಯಾಲೊಜನ್ ಸ್ಪಾಟ್ ಒಂದು 1000 ವಾಟ್ ಎಳೆಯುತ್ತದೆ. ಗೋಡೆಯ 15 ಆ್ಯಂಪ್ ಪ್ಲಗ್ಗಿಗೆ 230 ವೋಲ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 3450 ವಾಟ್. ಅಂದರೆ ಒಂದು ಪ್ಲಗ್ಗಿಗೆ ಮೂರೇ ಸ್ಪಾಟ್. ಹನ್ನೆರಡು ಸ್ಪಾಟ್ ಬೇಕು ಅಂದರೆ ತ್ರೀ ಫೇಸ್ ಲೈನಿನಿಂದ ಡಿಮ್ಮರಿಗೆ, ಅಂದರೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆಗೆ, ನೇರ ವೈರು ಎಳೆಯಬೇಕು, ಅದನ್ನು ಹಾಲಿನ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಈಗಿನ ಎಲ್‌ಇಡಿ ಪಾರ್ ಲೈಟುಗಳು ಬಹಳ ಕಡಿಮೆ ಎಳೆಯುತ್ತವೆ, ಬೆಳಕಿಗೆ ಬಣ್ಣ ಕೊಡಲು ಮುಂದೆ ಹಾಕುವ ಜೆಲಟಿನ್ ಪೇಪರಿನ ಖರ್ಚೂ ಇಲ್ಲ. ಆದರೂ ಮುಖದ ಮೇಲೆ ಹ್ಯಾಲೊಜನ್ನಿನ ಬೆಚ್ಚಗಿನ ಬೆಳಕೇ ನನಗೆ ಇಷ್ಟ. ಮುಂಭಾಗದಿಂದ ಎರಡಾದರೂ ಇರಲಿ ಅನ್ನುತ್ತೇನೆ.

ಒಮ್ಮೆ ಒಂದು ಹಾಲಿನಲ್ಲಿ, ಅದರ ಹೆಸರು ಬೇಡ, ಎರಡನೇ ಅಂಕದ ನಟ್ಟನಡುವೆ ಎಲ್ಲ ಆರಿಹೋಯಿತು. ಅತಿಥಿಗಳ ಕಾಫಿಗೆ ನಮ್ಮವರೇ ಒಬ್ಬರು ಎಲೆಕ್ಟ್ರಿಕ್ ಬಾಯ್ಲರನ್ನು ಗ್ರೀನ್ ರೂಮಿನ ಪ್ಲಗ್ಗಿಗೆ ಸಿಕ್ಕಿಸಿದ್ದರು. ಆ ಪ್ಲಗ್ಗು ನಮ್ಮ ಡಿಮ್ಮರಿನ ಲೈನಿನಲ್ಲೇ ಇತ್ತು. ಟ್ರಿಪ್ ಆದ ಸ್ವಿಚ್ಚನ್ನು ಟಾರ್ಚ್ ಹಿಡಿದು ಹುಡುಕಿ ಎತ್ತಲು ಹನ್ನೊಂದು ನಿಮಿಷ ಹಿಡಿಯಿತು. ಬೆಳಕು ಬಂತು. ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮಾತಾಡುತ್ತಿದ್ದ ಆ ಹುಡುಗಿಗೆ ಮೊದಲಿನ ದನಿ ಮತ್ತೆ ಬರಲಿಲ್ಲ. ಮೂರು ತಿಂಗಳ ತಾಲೀಮು ಅವಳದ್ದು. ಅಂದಿನಿಂದ ಗ್ರೀನ್ ರೂಮಿನ ಪ್ರತಿ ಪ್ಲಗ್ಗಿನ ಮೇಲೆ ನಾನೇ ಕಾಗದ ಅಂಟಿಸುತ್ತೇನೆ: 'ಇದಕ್ಕೆ ಏನೂ ಹಾಕಬೇಡಿ.' ಕಾಫಿ ಹೊರಗಿನಿಂದ ಫ್ಲಾಸ್ಕಿನಲ್ಲಿ ಬರುತ್ತದೆ.

ಮೈಕ್ ಪರೀಕ್ಷೆಗೆ 'ಹಲೋ, ಒನ್ ಟೂ ತ್ರೀ' ಅನ್ನುವುದರಿಂದ ಏನೂ ತಿಳಿಯದು. ನಿಮ್ಮ ನಾಟಕದ ಅತಿ ಮೆಲು ಮಾತು ಯಾವುದೋ ಅದನ್ನು ಆ ನಟಿಯ ಬಾಯಲ್ಲೇ, ಅವಳು ನಿಲ್ಲುವ ಜಾಗದಲ್ಲೇ, ಬೆನ್ನು ತಿರುಗಿಸುವುದಿದ್ದರೆ ತಿರುಗಿಸಿಯೇ ಹೇಳಿಸಿ. ನಾಟಕ ಓದಿರದ ಒಬ್ಬರು ಕೊನೇ ಸಾಲಿನಲ್ಲಿ ಕೂತು ಕೇಳಿದ್ದನ್ನು ಕಾಗದದ ಮೇಲೆ ಬರೆಯಲಿ. ನಾನು ಹಾಲಿನ ವಾಚ್‌ಮನ್ನರನ್ನೇ ಕೂರಿಸುತ್ತೇನೆ. ನಿಮಗೆ ಮಾತು ಬಾಯಿಪಾಠ ಆಗಿರುತ್ತದೆ, ಕೇಳದಿದ್ದರೂ ಕೇಳಿದಂತೆ ಅನ್ನಿಸುತ್ತದೆ. ಫ್ಯಾನು ಹಾಕಿಯೇ ಪರೀಕ್ಷೆ ಮಾಡಿ. ಖಾಲಿ ಹಾಲಿನಲ್ಲಿ ಗುಂಯ್‌ಗುಡುವ ದನಿ, ಜನ ತುಂಬಿದ ಮೇಲೆ ಇಂಗಿಹೋಗುತ್ತದೆ. ಅದಕ್ಕೆ ಸ್ವಲ್ಪ ಹೆಚ್ಚಿಗೇ ಇಟ್ಟುಕೊಳ್ಳಿ. ರೇಷ್ಮೆ ಸೀರೆಗೆ ಕಾಲರ್ ಮೈಕ್ ಸಿಕ್ಕಿಸಿದರೆ ಸೆರಗಿನ ಸರಸರ ಸದ್ದು ಊರಿಗೆಲ್ಲ ಕೇಳುತ್ತದೆ. ತೂಗು ಮೈಕುಗಳೇ ವಾಸಿ. ಎಲ್ಲಕ್ಕಿಂತ ವಾಸಿ, ನಟರಿಗೆ ಮಾತಿನ ಕೊನೇ ಅಕ್ಷರ ನುಂಗದಂತೆ ತಾಲೀಮು ಕೊಡುವುದು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಅದನ್ನೇ ನುಂಗಿದರೆ ಬಂದನೋ ಬರಲಿಲ್ಲವೋ ಹಿಂದೆ ಕೂತವರಿಗೆ ಹೇಗೆ ತಿಳಿಯಬೇಕು?

ಸಭಾ ಕಾರ್ಯಕ್ರಮದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ನಾಟಕಕ್ಕೆ ಮುಂಚೆ ದೀಪ ಬೆಳಗಿ, ಐದು ಜನ ಭಾಷಣ ಮಾಡಿ, ಒಬ್ಬೊಬ್ಬರಿಗೂ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಆಗುವಷ್ಟರಲ್ಲಿ ಒಂದೂಕಾಲು ಗಂಟೆ ಹೋಗುತ್ತದೆ. ಮಂಡ್ಯದ ಕಡೆ ರೈಲು ಹಿಡಿಯಬೇಕಾದವರು, ನಂಜನಗೂಡು, ತಿ. ನರಸೀಪುರದ ಬಸ್ಸಿಗೆ ಹೋಗಬೇಕಾದವರು ಕೊನೇ ದೃಶ್ಯ ನೋಡದೇ ಎದ್ದು ಹೋಗುತ್ತಾರೆ. ಅವರು ಕಷ್ಟಪಟ್ಟು ಬಂದದ್ದು ನಾಟಕಕ್ಕೆ. ದೀಪ ಬೆಳಗಿ ಎರಡು ಮಾತಾಡಿ ಹತ್ತು ನಿಮಿಷದಲ್ಲಿ ತೆರೆ ಎತ್ತಿ. ಸನ್ಮಾನ, ವಂದನಾರ್ಪಣೆ ನಾಟಕ ಆದ ಮೇಲೆ ಮಾಡಿ. ಗಣ್ಯರ ಸಾಲಿನ ಚೀಟಿಗಳನ್ನು ಮೊದಲ ಗಂಟೆ ಹೊಡೆದ ಕೂಡಲೇ ಕಿತ್ತು, ಹಿಂದೆ ಕೂತ ವಯಸ್ಸಾದವರನ್ನು ಮುಂದಕ್ಕೆ ಕರೆಯಿರಿ. ಈ ಕೆಲಸಕ್ಕೆ ಒಬ್ಬ ಹುಡುಗನನ್ನು ಮೊದಲೇ ನೇಮಿಸಿ.

ಪ್ರಚಾರಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ ಒಂದನ್ನೇ ನಂಬಬೇಡಿ. ಆಂದೋಲನ, ಮೈಸೂರು ಮಿತ್ರದಂಥ ಪತ್ರಿಕೆಗಳಿಗೆ ಮೂರು ದಿನ ಮುಂಚೆ ನಾಲ್ಕು ಸಾಲಿನ ಸುದ್ದಿ ಕೊಟ್ಟು ಬನ್ನಿ. ಕಾರ್ಯಕ್ರಮಗಳ ಪಟ್ಟಿ ನೋಡಿಕೊಂಡೇ ಹೊರಡುವ ಹಿರಿಯರು ಈ ಊರಲ್ಲಿ ಬಹಳ ಜನ ಇದ್ದಾರೆ. ಟಿಕೆಟ್ ಐವತ್ತೋ ನೂರೋ ಇಡಿ, ಪುಕ್ಕಟೆ ಬೇಡ. ದುಡ್ಡು ಕೊಟ್ಟು ಬಂದವರು ವೇಳೆಗೆ ಸರಿಯಾಗಿ ಬರುತ್ತಾರೆ. ತಂಡ ನೋಂದಣಿ ಮಾಡಿಸಿ, ವರ್ಷ ವರ್ಷ ಲೆಕ್ಕ ಆಡಿಟ್ ಮಾಡಿಸಿಟ್ಟರೆ ಇಲಾಖೆ ಧನಸಹಾಯಕ್ಕೆ ಅರ್ಜಿ ಕರೆದಾಗ ಹಾಕಿಕೊಳ್ಳಬಹುದು.

ಪ್ರದರ್ಶನ ಮುಗಿದ ಮೇಲೆ ಯಾರನ್ನೂ ಮನೆಗೆ ಬಿಡಬೇಡಿ, ನಾಯಕಿಯನ್ನೂ. ರಂಗದ ಮೇಲೆ ಅಂಟಿಸಿದ ಗುರುತಿನ ಟೇಪು ಕೀಳಬೇಕು, ಹೊಡೆದ ಮೊಳೆ ತೆಗೆಯಬೇಕು, ಮೇಕಪ್ ಒರೆಸಿದ ಹತ್ತಿ, ಸೇಫ್ಟಿ ಪಿನ್ನು ಆರಿಸಬೇಕು. ಬರಿಗಾಲಲ್ಲಿ ಕುಣಿಯುವ ಮಕ್ಕಳು ಮಾರನೇ ದಿನ ಅದೇ ಹಲಗೆ ಮೇಲೆ ಕಾಲಿಡುತ್ತಾರೆ. ಹಾಲಿನ ಮೈಕು, ವೈರು ಎಣಿಸಿ ವಾಪಸು ಕೊಡಿ. ಗುಡಿಸುವ ಅಮ್ಮನಿಗೂ ವಾಚ್‌ಮನ್ನರಿಗೂ ಊಟದ ಪೊಟ್ಟಣ ಎತ್ತಿಟ್ಟಿರಿ. ಆಮೇಲೆ ರಿಜಿಸ್ಟರಿನಲ್ಲಿ ಬಿಟ್ಟ ವೇಳೆ ಬರೆದು, ಸಹಿ ಹಾಕಿ, ಬೀಗದ ಕೈ ಒಪ್ಪಿಸಿ. ಡಿಪಾಸಿಟ್ ರಸೀದಿ ಜೋಪಾನ. ಅದನ್ನು ಸೋಮವಾರವೇ ತೆಗೆದುಕೊಂಡು ಹೋಗಿ.